ಬ್ರಿಟನ್ನಿನ ಹೊಳೆಗಳಲ್ಲಿ ಚಿನ್ನ ಜಾಲಿಸುವುದು: ಅನುಮತಿಯಿಂದ ಹಿಡಿದು ಕೊನೆಯ ಚೂರಿನವರೆಗೆ

ಮನೆಯಲ್ಲಿ ಅಕ್ಕಿ ಜಾಲಿಸಿ ಕಲ್ಲು ತೆಗೆಯುವುದನ್ನು ನೋಡಿದ್ದೀರಾ? ಹಾಗಿದ್ದರೆ ಚಿನ್ನ ಜಾಲಿಸುವ ಅರ್ಧ ವಿದ್ಯೆ ನಿಮಗೆ ಆಗಲೇ ಗೊತ್ತು. ಪಾತ್ರೆಯನ್ನು ನೀರಿನಲ್ಲಿ ಅಲುಗಾಡಿಸುತ್ತಾ ಓರೆ ಮಾಡಿದರೆ ಹಗುರವಾದ ಅಕ್ಕಿ ನೀರಿನ ಜೊತೆ ಜಾರಿ ಹೋಗುತ್ತದೆ, ಭಾರದ ಕಲ್ಲು ತಳದಲ್ಲೇ ಕೂತಿರುತ್ತದೆ. ಹೊಳೆಯಲ್ಲೂ ಇದೇ ಕೆಲಸ. ಅಡುಗೆಮನೆಯಲ್ಲಿ ಮೇಲಿನದ್ದು ಬೇಕು, ಇಲ್ಲಿ ತಳದ್ದು ಬೇಕು, ಅಷ್ಟೇ.

ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆನೀರು ಇಳಿದ ಮೇಲೆ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದ ಜನರಿಗೆ ಜಾಲಗಾರರು ಅಂತಲೇ ಹೆಸರು. ನಾನು ಸ್ಕಾಟ್ಲೆಂಡಿಗೆ ಬಂದು ಮೊದಲ ಸಲ ಪ್ಯಾನ್, ಅಂದರೆ ಚಿನ್ನ ಜಾಲಿಸುವ ಅಗಲ ತಟ್ಟೆ, ಹಿಡಿದಾಗ ಕಲಿಸುತ್ತಿದ್ದವರು ಮಾಡಿ ತೋರಿಸಿದ ಕೈಚಳಕ ನೋಡಿ ನನಗೆ ನೆನಪಾಗಿದ್ದು ಅಜ್ಜಿ ರಾಗಿ ಜಾಲಿಸುತ್ತಿದ್ದ ರೀತಿ. ಆಮೇಲೆ ಈ ಹವ್ಯಾಸ ನನ್ನನ್ನು ಬಿಟ್ಟಿಲ್ಲ. ಇಲ್ಲಿರುವ ಕನ್ನಡದ ಗೆಳೆಯರು ಜಾಸ್ತಿ ಜನ ಕೇಳುತ್ತಿರುವುದರಿಂದ ಗೊತ್ತಿರುವುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇದರಿಂದ ದುಡ್ಡು ಬರುವುದಿಲ್ಲ. ಒಂದು ಒಳ್ಳೆಯ ದಿನ ನನಗೆ ಹತ್ತು ಹದಿನೈದು ಚೂರು ಸಿಗುತ್ತದೆ, ಎಲ್ಲ ಸೇರಿದರೂ ಒಂದು ಅಕ್ಕಿ ಕಾಳಿನ ತೂಕ ಬರುವುದು ಕಷ್ಟ. ದೊಡ್ಡ ಗಟ್ಟಿಗಳು ಸಿಕ್ಕಿದ್ದೂ ಉಂಟು. ಕಾರ್ನ್‌ವಾಲ್‌ನಲ್ಲಿ 1808ರಲ್ಲಿ ಸಿಕ್ಕಿದ 59 ಗ್ರಾಂ ತೂಕದ ಕಾರ್ನನ್ ಗಟ್ಟಿ ಈಗ ಟ್ರೂರೋ ಊರಿನ ಮ್ಯೂಸಿಯಂನಲ್ಲಿದೆ. ಸ್ಕಾಟ್ಲೆಂಡಿನ ಒಂದು ಹೊಳೆಯಲ್ಲಿ ಎರಡು ತುಂಡಾಗಿ ಸಿಕ್ಕಿದ, 121.3 ಗ್ರಾಂ ತೂಗುವ ಗಟ್ಟಿಯ ಸುದ್ದಿ 2019ರಲ್ಲಿ ಪತ್ರಿಕೆಗಳಲ್ಲಿ ಬಂತು. ಅಂಥದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ಎರಡನೇ ಸಲ ಹೋಗುವ ಮನಸ್ಸೇ ಬರುವುದಿಲ್ಲ. ಕರಿ ಮರಳಿನ ನಡುವಿನಿಂದ ಒಂದು ಹಳದಿ ಚುಕ್ಕೆ ಹೊರಗೆ ಬರುವುದನ್ನು ನೋಡುವ ಆಸೆ ಇಟ್ಟುಕೊಂಡು ಹೋಗಿ.

ಎಲ್ಲಕ್ಕಿಂತ ಮೊದಲು ಅನುಮತಿ

ಇದನ್ನು ಬಿಟ್ಟು ಮುಂದಿನದ್ದನ್ನು ಓದಬೇಡಿ ಅಂತ ಕೇಳಿಕೊಳ್ಳುತ್ತೇನೆ. ಬ್ರಿಟನ್ನಿನಲ್ಲಿ ನೆಲದಲ್ಲಿರುವ ಚಿನ್ನ ಮತ್ತು ಬೆಳ್ಳಿ ಹಳೆಯ ಕಾನೂನಿನ ಪ್ರಕಾರ ಬಹುಮಟ್ಟಿಗೆ ರಾಜಮನೆತನದ ಹಕ್ಕು. ಸ್ಕಾಟ್ಲೆಂಡಿನಲ್ಲಿ ಈ ಕಾನೂನು 1424ರಷ್ಟು ಹಳೆಯದು. ಈಗ ಆ ಹಕ್ಕನ್ನು ಕ್ರೌನ್ ಎಸ್ಟೇಟ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ, ಸ್ಕಾಟ್ಲೆಂಡಿಗೆ ಬೇರೆಯದೇ ಕ್ರೌನ್ ಎಸ್ಟೇಟ್ ಸ್ಕಾಟ್ಲೆಂಡ್ ಇದೆ. ಅದರ ಮೇಲೆ ಹೊಳೆಯ ದಂಡೆ ಮತ್ತು ತಳ ಯಾರದೋ ಜಮೀನಾಗಿರುತ್ತದೆ. ಆ ಜಮೀನಿನವರು ಒಪ್ಪದೆ ನೀವು ಒಂದು ಹಿಡಿ ಮರಳನ್ನೂ ಎತ್ತುವ ಹಾಗಿಲ್ಲ.

ಸ್ಕಾಟ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ನಡೆದಾಡುವ ಹಕ್ಕು ಇದೆಯಲ್ಲ ಅಂತ ಕೇಳುತ್ತಾರೆ. 2003ರ ಕಾಯ್ದೆ ಕೊಟ್ಟಿರುವುದು ಓಡಾಡುವ ಹಕ್ಕು. ಅಗೆದು ಚಿನ್ನ ತೆಗೆದುಕೊಂಡು ಹೋಗುವ ಹಕ್ಕು ಅದರಲ್ಲಿ ಸೇರಿಲ್ಲ.

ಹೊಸಬರು ಹಾಗಾಗಿ ಈಗಾಗಲೇ ಪ್ಯಾನಿಂಗ್‌ಗೆ ವ್ಯವಸ್ಥೆ ಇರುವ ಜಾಗಕ್ಕೇ ಹೋಗುವುದು ಒಳ್ಳೆಯದು. ಎರಡು ಜಾಗ ಹೇಳುತ್ತೇನೆ.

ಒಂದು, ಉತ್ತರದ ಸದರ್ಲೆಂಡ್‌ನಲ್ಲಿ ಹೆಲ್ಮ್ಸ್‌ಡೇಲ್ ಊರಿನಿಂದ ಒಳಗೆ ಹೋದರೆ ಸಿಗುವ ಕಿಲ್ಡೋನನ್ ಬರ್ನ್. ಬರ್ನ್ ಅಂದರೆ ಸ್ಕಾಟ್ಲೆಂಡಿನವರ ಮಾತಿನಲ್ಲಿ ಸಣ್ಣ ತೊರೆ. ಈ ಊರಿನ ಮಗ ರಾಬರ್ಟ್ ಗಿಲ್‌ಕ್ರಿಸ್ಟ್ ಆಸ್ಟ್ರೇಲಿಯಾದ ಚಿನ್ನದ ಜಾಗಗಳಲ್ಲಿ ವರ್ಷಗಟ್ಟಲೆ ದುಡಿದು ವಾಪಸ್ ಬಂದವನು, 1868ರಲ್ಲಿ ಇಲ್ಲಿನ ತೊರೆಗಳಲ್ಲಿ ಹುಡುಕಿ ಚಿನ್ನ ಕಂಡುಕೊಂಡ. ಮರುವರ್ಷ ನೂರಾರು ಜನ ಬಂದು ಗುಡಾರ, ಗುಡಿಸಲು ಹಾಕಿಕೊಂಡರು. ಆ ಜಾಗಕ್ಕೆ ಬೇಲ್ ಆನ್ ಓರ್ ಅನ್ನುವ ಹೆಸರು ಇವತ್ತಿಗೂ ಇದೆ, ಗೇಲಿಕ್ ಭಾಷೆಯಲ್ಲಿ ಚಿನ್ನದ ಊರು ಅಂತ ಅರ್ಥ. ಲೈಸೆನ್ಸ್ ಕೊಡುತ್ತಿದ್ದ ಸದರ್ಲೆಂಡ್ ಡ್ಯೂಕ್ 1869ರ ಕೊನೆಗೆ ಎಲ್ಲ ನಿಲ್ಲಿಸಿಬಿಟ್ಟ. ಈಗ ಆ ಜಾಗ ಸುಯಿಸ್‌ಗಿಲ್ ಎಸ್ಟೇಟಿಗೆ ಸೇರಿದ್ದು, ಹವ್ಯಾಸಕ್ಕೆ ಜಾಲಿಸುವವರಿಗೆ ಅವರ ನಿಯಮಗಳ ಒಳಗೆ ಅವಕಾಶ ಇದೆ.

ಎರಡನೆಯದು ದಕ್ಷಿಣದ ಲೌದರ್ ಬೆಟ್ಟಗಳಲ್ಲಿರುವ ವಾನ್‌ಲಾಕ್‌ಹೆಡ್. ಸ್ಕಾಟ್ಲೆಂಡಿನಲ್ಲಿ ತುಂಬಾ ಎತ್ತರದಲ್ಲಿರುವ ಹಳ್ಳಿ ಅದು. 1540ರಲ್ಲಿ ಐದನೇ ಜೇಮ್ಸ್ ರಾಜ ಸ್ಕಾಟ್ಲೆಂಡಿನ ಕಿರೀಟವನ್ನು ಹೊಸದಾಗಿ ಮಾಡಿಸಿದಾಗ ಹೆಚ್ಚುವರಿ ಚಿನ್ನ ಹೋದದ್ದು ಈ ಬೆಟ್ಟಗಳಿಂದ. ಇಲ್ಲಿನ ಸೀಸದ ಗಣಿ ಮ್ಯೂಸಿಯಂನಲ್ಲಿ ಪ್ಯಾನಿಂಗ್ ಕಲಿಸುತ್ತಾರೆ. ಮೊದಲ ಸಲಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಸುತ್ತಲಿನ ತೊರೆಗಳಲ್ಲಿ ಯಾವುದಕ್ಕೆ ಯಾರ ಅನುಮತಿ ಬೇಕು ಅಂತಲೂ ಅಲ್ಲೇ ಕೇಳಿ.

ಎರಡೂ ಕಡೆ ನಿಯಮ ಬದಲಾಗುತ್ತಿರುತ್ತದೆ, ಹಳೆಯ ವಿಡಿಯೋ ನೋಡಿ ಹೊರಡಬೇಡಿ, ಹೋಗುವ ವಾರವೇ ವಿಚಾರಿಸಿ. ಅನುಮತಿಯನ್ನು ಬರಹದಲ್ಲಿ ಪಡೆದು ಜೇಬಿನಲ್ಲಿಟ್ಟುಕೊಳ್ಳಿ.

ವೇಲ್ಸ್‌ನ ಚಿನ್ನದ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ಅಲ್ಲಿನ ಡೊಲ್ಗೆಹ್ಲಾಯ್ ಸುತ್ತಲಿನ ಚಿನ್ನದಿಂದ 1923ರಿಂದ ರಾಜಮನೆತನದ ಮದುವೆ ಉಂಗುರಗಳನ್ನು ಮಾಡುತ್ತಾ ಬಂದಿದ್ದಾರೆ. ಆದರೆ ಅಲ್ಲಿನ ಮೌಥಾಕ್ ಹೊಳೆಯ ಸುತ್ತ ರಕ್ಷಿತ ಪ್ರದೇಶಗಳಿವೆ, ಹಾಗೆ ಹೋಗಿ ಪ್ಯಾನ್ ಇಳಿಸುವ ಜಾಗ ಅದಲ್ಲ. ಇಂಗ್ಲೆಂಡಿನ ಡೆವನ್ ತೀರದಲ್ಲಿ ಹೋಪ್ಸ್ ನೋಸ್ ಅನ್ನುವ ಬಂಡೆಯಲ್ಲೂ ಚಿನ್ನ ಇದೆ, ಅದೂ ರಕ್ಷಿತ, ಮುಟ್ಟಬೇಡಿ. ಕಾರ್ನ್‌ವಾಲ್‌ನಲ್ಲಿ ತವರ ಜಾಲಿಸುತ್ತಿದ್ದವರು ನಡುವೆ ಸಿಕ್ಕ ಚಿನ್ನದ ಕಣಗಳನ್ನು ಹಕ್ಕಿ ಗರಿಯ ಕೊಳವೆಯಲ್ಲಿ ಕೂಡಿಡುತ್ತಿದ್ದರಂತೆ. ಅದೇ ಕಾರ್ನ್‌ವಾಲ್‌ನ ಗಣಿ ಕೆಲಸಗಾರರು ಆಮೇಲೆ ಜಾನ್ ಟೇಲರ್ ಕಂಪನಿಯ ಜೊತೆ ನಮ್ಮ ಕೋಲಾರದ ಚಿನ್ನದ ಗಣಿಗೆ ಬಂದರು. ಕೆಜಿಎಫ್ ಕಡೆಯವರಿಗೆ ಈ ಊರಿನ ಹೆಸರು ಹೊಸದಲ್ಲ.

ಯಾವಾಗ ಹೋಗಬೇಕು

ನನ್ನ ಮಟ್ಟಿಗೆ ಜೂನ್‌ನಿಂದ ಸೆಪ್ಟೆಂಬರ್, ಅಷ್ಟೇ. ಚಳಿಗೆ ಹೆದರಿ ಹೇಳುತ್ತಿಲ್ಲ, ಮೀನಿಗಾಗಿ ಹೇಳುತ್ತಿದ್ದೇನೆ. ಸಾಲ್ಮನ್ ಮತ್ತು ಟ್ರೌಟ್ ಮೀನುಗಳು ಚಳಿಗಾಲ ಶುರುವಾಗುವಾಗ ಹೊಳೆಯ ಗರಸನ್ನು ಬಾಲದಿಂದ ಬಗೆದು ತಗ್ಗು ಮಾಡಿ ಮೊಟ್ಟೆ ಇಟ್ಟು, ಮತ್ತೆ ಗರಸು ಮುಚ್ಚುತ್ತವೆ. ಆ ಮೊಟ್ಟೆಗಳು ಚಳಿಗಾಲ ಪೂರ್ತಿ ಅಲ್ಲೇ ಇರುತ್ತವೆ. ಮರಿಗಳು ಗರಸಿನಿಂದ ಹೊರಗೆ ಬರುವುದು ವಸಂತದಲ್ಲಿ. ಆ ತಿಂಗಳುಗಳಲ್ಲಿ ಒಂದು ಸಲಿಕೆ ಹಾಕಿದರೆ ಸಾವಿರಾರು ಮೊಟ್ಟೆ ಹಾಳಾಗಬಹುದು. ಮೊಟ್ಟೆ ಇಟ್ಟ ಜಾಗ ಕೆಡಿಸುವುದು ಕಾನೂನಿನಲ್ಲೂ ಅಪರಾಧ.

ಇನ್ನೊಂದು ಜೀವ ಸಿಹಿನೀರಿನ ಮುತ್ತಿನ ಚಿಪ್ಪು. ಕಪ್ಪು ಬಣ್ಣ, ಉದ್ದನೆ ಆಕಾರ, ಗರಸಿನಲ್ಲಿ ಅರ್ಧ ಹೂತುಕೊಂಡಿರುತ್ತದೆ. ನೂರು ವರ್ಷ ಬದುಕುವ ಜೀವ ಅದು, ಈಗ ಅಳಿವಿನ ಅಂಚಿನಲ್ಲಿದೆ. ಒಂದೇ ಒಂದು ಕಂಡರೂ ಅಲ್ಲಿ ಕೆಲಸ ನಿಲ್ಲಿಸಿ, ಮುಟ್ಟದೆ ಮೇಲೆ ಬನ್ನಿ.

ಸಾಮಾನು

ಜಾಸ್ತಿ ಏನೂ ಬೇಡ. 14 ಇಂಚಿನ ಪ್ಲಾಸ್ಟಿಕ್ ಪ್ಯಾನ್ ಒಂದು, ಒಳಗೆ ಒಂದು ಬದಿಗೆ ಮೆಟ್ಟಿಲಿನಂತೆ ಗೆರೆಗಳಿರಬೇಕು. ಹಸಿರು ಅಥವಾ ನೀಲಿ ಬಣ್ಣ ತೆಗೆದುಕೊಳ್ಳಿ, ಚಿನ್ನವೂ ಕರಿ ಮರಳೂ ಎರಡೂ ಎದ್ದು ಕಾಣುತ್ತವೆ. ಕಬ್ಬಿಣದ ಪ್ಯಾನ್ ನೋಡಲು ಚೆಂದ, ಆದರೆ ತುಕ್ಕು ಹಿಡಿಯುತ್ತದೆ, ಅಯಸ್ಕಾಂತ ಬಳಸಲು ಬರುವುದಿಲ್ಲ. ಪ್ಯಾನ್ ಮೇಲೆ ಕೂರುವ ಜರಡಿ, ಬೆರಳು ತೂರದಷ್ಟು ಕಣ್ಣಿನದ್ದು. ಗಟ್ಟಿ ಕೈಸಲಿಕೆ. ಬಂಡೆಯ ಬಿರುಕು ಕೆದಕಲು ತುದಿ ಬಗ್ಗಿಸಿದ ಹಳೆಯ ಸ್ಕ್ರೂಡ್ರೈವರ್. ಚಿನ್ನದ ಚೂರನ್ನು ಹೀರಿಕೊಳ್ಳಲು ಸ್ನಫರ್ ಬಾಟಲಿ, ಅಂದರೆ ಒತ್ತಿ ಬಿಟ್ಟರೆ ನೀರು ಎಳೆದುಕೊಳ್ಳುವ ಮೆತ್ತನೆಯ ಬಾಟಲಿ. ಮುಚ್ಚಳ ಗಟ್ಟಿಯಾಗಿರುವ ಸಣ್ಣ ಗಾಜಿನ ಶೀಷೆ. ಒಂದು ಬಕೆಟ್.

ಮೊಣಕಾಲವರೆಗಿನ ರಬ್ಬರ್ ಬೂಟು ಮತ್ತು ನಿಯೋಪ್ರೀನ್ ಕೈಗವಸಿನ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಬೇಸಿಗೆಯಲ್ಲೂ ಈ ನೀರು ಕೊರೆಯುತ್ತದೆ. ಬೆರಳು ಮರಗಟ್ಟಿದರೆ ಪ್ಯಾನ್ ಎಷ್ಟು ಓರೆಯಾಗಿದೆ ಅಂತ ಕೈಗೆ ಗೊತ್ತಾಗುವುದಿಲ್ಲ, ಚಿನ್ನ ಹೊರಗೆ ಹೋಗುವುದು ಆಗಲೇ. ಮಿಜ್ ಅನ್ನುವ ನುಸಿಯಂಥ ಹುಳುಗಳಿಗೆ ಮುಖಕ್ಕೆ ಬಲೆ ಇರಲಿ.

ಮೋಟಾರ್ ಇರುವ ಯಾವುದನ್ನೂ ಒಯ್ಯಬೇಡಿ. ತಳವನ್ನು ಹೀರುವ ಡ್ರೆಡ್ಜರ್‌ಗೆ ಪರಿಸರ ಇಲಾಖೆಯ ಬೇರೆ ಒಪ್ಪಿಗೆ ಬೇಕು, ಅದು ಹವ್ಯಾಸದವರ ಸಾಮಾನೂ ಅಲ್ಲ. ಕೈಪಂಪು, ಸ್ಲೂಯಿಸ್ ಪೆಟ್ಟಿಗೆ (ಹರಿಯುವ ನೀರಿನಲ್ಲಿಟ್ಟು ಗರಸು ತೊಳೆಯುವ, ತಳದಲ್ಲಿ ಅಡ್ಡಗೆರೆಗಳಿರುವ ಉದ್ದನೆ ತೊಟ್ಟಿ) ಬಳಸಬಹುದಾ ಅನ್ನುವುದು ಆಯಾ ಜಾಗದ ನಿಯಮ.

ಮೊದಲು ಮನೆಯಲ್ಲಿ ಕಲಿಯಿರಿ

ಸೀಸದ ಸಣ್ಣ ಚೂರುಗಳನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ, ಹತ್ತು ಎಣಿಸಿಕೊಳ್ಳಿ. ಪ್ಯಾನ್ ತುಂಬ ಮರಳು, ಕಲ್ಲು ಹಾಕಿ ಅದರಲ್ಲಿ ಬೆರೆಸಿ. ಹಿತ್ತಲಲ್ಲಿ ದೊಡ್ಡ ಟಬ್‌ನಲ್ಲಿ ನೀರು ತುಂಬಿ ಜಾಲಿಸಿ. ಹತ್ತಕ್ಕೆ ಹತ್ತೂ ವಾಪಸ್ ಸಿಗುವವರೆಗೆ ಹೊಳೆಗೆ ಹೋಗಬೇಡಿ. ಸೀಸ ನೀರಿಗಿಂತ ಸುಮಾರು 11 ಪಟ್ಟು ಭಾರ, ಶುದ್ಧ ಚಿನ್ನ 19 ಪಟ್ಟು, ಸಾಮಾನ್ಯ ಮರಳು ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಸೀಸವನ್ನು ಕಳೆಯದೆ ಉಳಿಸಿಕೊಂಡ ಕೈಯಿಂದ ಚಿನ್ನ ತಪ್ಪಿಸಿಕೊಳ್ಳುವುದು ಕಷ್ಟ. ಸೀಸ ಮುಟ್ಟಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ, ಆ ಟಬ್ಬನ್ನು ಬೇರೆಯದಕ್ಕೆ ಬಳಸಬೇಡಿ.

ಹೊಳೆಯನ್ನು ಓದುವುದು

ಪ್ಯಾನ್ ತಿರುಗಿಸುವುದು ಒಂದು ವಾರದಲ್ಲಿ ಬರುತ್ತದೆ. ಎಲ್ಲಿ ಅಗೆಯಬೇಕು ಅಂತ ಗೊತ್ತಾಗುವುದಕ್ಕೆ ವರ್ಷಗಳು ಬೇಕು, ನನಗಂತೂ ಈ ಭಾಗವೇ ತುಂಬಾ ಇಷ್ಟ.

ಒಂದೇ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಚಿನ್ನ ಸುಮ್ನೆ ದಿನವೂ ಹರಿದು ಬರುವುದಿಲ್ಲ. ಭಾರಿ ಪ್ರವಾಹ ಬಂದು ಇಡೀ ತಳವೇ ಅಲುಗಿದಾಗ ಮಾತ್ರ ಅದು ಜಾಗ ಬದಲಿಸುತ್ತದೆ, ನೀರಿನ ರಭಸ ಎಲ್ಲಿ ಕುಗ್ಗುತ್ತದೋ ಅಲ್ಲಿ ಬೇರೆ ಎಲ್ಲಕ್ಕಿಂತ ಮೊದಲು ಕೆಳಗೆ ಬೀಳುತ್ತದೆ. ನೀವು ನೋಡುತ್ತಿರುವುದು ಬೇಸಿಗೆಯ ತೆಳ್ಳಗಿನ ನೀರು. ನಿಮ್ಮ ಮನಸ್ಸಿನಲ್ಲಿ ಕಾಣಬೇಕಾದದ್ದು ದಂಡೆ ತುಂಬಿದ ಕೆಂಪು ನೀರು. ಹುಲ್ಲು ಕಸ ಎಷ್ಟು ಎತ್ತರದಲ್ಲಿ ಪೊದೆಗೆ ಸಿಕ್ಕಿಕೊಂಡಿದೆ ನೋಡಿ, ಪ್ರವಾಹ ಅಲ್ಲಿಯವರೆಗೆ ಬಂದಿತ್ತು. ಆ ನೀರು ಎಲ್ಲಿ ನೇರ ನುಗ್ಗಿತು, ಎಲ್ಲಿ ತಿರುಗಿತು, ಯಾವ ಬಂಡೆಯ ಹಿಂದೆ ಸುಸ್ತಾಯಿತು ಅಂತ ಕೂತು ಯೋಚಿಸಿ. ನಾನು ಹೊಸ ಜಾಗದಲ್ಲಿ ಮೊದಲ ಅರ್ಧ ಗಂಟೆ ಸಲಿಕೆ ಚೀಲದಿಂದ ಹೊರಗೇ ತೆಗೆಯುವುದಿಲ್ಲ.

ತಿರುವಿನಲ್ಲಿ ಹೊರಗಿನ ಅಂಚಿನಲ್ಲಿ ನೀರು ಜೋರು, ಒಳಗಿನ ಅಂಚಿನಲ್ಲಿ ನಿಧಾನ. ಹಾಗಾಗಿ ಒಳ ಅಂಚಿನ ಗರಸು ದಿಬ್ಬ ನೋಡಿ, ಅದರಲ್ಲೂ ನೀರು ಬರುವ ಕಡೆಯ ತುದಿ, ದೊಡ್ಡ ಗುಂಡುಕಲ್ಲುಗಳು ನಿಂತಿರುವ ಕಡೆ. ಬರೀ ನುಣುಪು ಮರಳಿರುವಲ್ಲಿ ಸಮಯ ಕಳೆಯಬೇಡಿ. ದೊಡ್ಡ ಬಂಡೆಯ ಹಿಂದಿನ ಮರೆ ಒಳ್ಳೆಯ ಜಾಗ. ಇಕ್ಕಟ್ಟಿನಲ್ಲಿ ನುಗ್ಗಿದ ನೀರು ಅಗಲವಾಗಿ ಹರಡುವಲ್ಲಿಯೂ ಹುಡುಕಿ.

ಎಲ್ಲಕ್ಕಿಂತ ಒಳ್ಳೆಯದು ತಳಬಂಡೆ ಕಾಣುವ ಜಾಗ. ಗರಸಿನ ಒಳಗೆ ಅಲುಗುತ್ತಾ ಅಲುಗುತ್ತಾ ಚಿನ್ನ ಕೆಳಗಿಳಿದು ಇನ್ನು ಇಳಿಯಲಾಗದ ಗಟ್ಟಿ ಪದರ ಸಿಕ್ಕಾಗ ನಿಲ್ಲುತ್ತದೆ. ಅದು ಬಂಡೆ ಇರಬಹುದು, ಗಟ್ಟಿ ಜೇಡಿ ಇರಬಹುದು. ಬಂಡೆಯ ಪದರಗಳು ನೀರಿಗೆ ಅಡ್ಡಲಾಗಿ ನಿಂತಿದ್ದರೆ ಪ್ರತಿ ಬಿರುಕೂ ನಿಮ್ಮ ಪ್ಯಾನಿನ ಗೆರೆಯ ಹಾಗೇ ಚಿನ್ನ ಹಿಡಿದಿಟ್ಟಿರುತ್ತದೆ. ನನಗೆ ಸಿಕ್ಕಿದ ದೊಡ್ಡ ಚೂರು, ಸಾಸಿವೆಗಿಂತ ತುಸು ದೊಡ್ಡದು, ಬೆರಳೂ ತೂರದ ಇಂಥ ಒಂದು ಬಿರುಕಿನ ತಳದಲ್ಲಿತ್ತು.

ಹಳೆಯ ಮೀನಿನ ಗಾಳದ ಸೀಸ, ತುಕ್ಕು ಹಿಡಿದ ಮೊಳೆ, ಬಂದೂಕಿನ ಚರೆ ಸಿಕ್ಕಿದರೆ ಖುಷಿಪಡಿ. ಭಾರದ ವಸ್ತು ನಿಲ್ಲುವ ಕಡೆಯೇ ಚಿನ್ನವೂ ನಿಲ್ಲುತ್ತದೆ. ಒಂದೇ ಕಡೆ ದೊಡ್ಡ ಗುಂಡಿ ತೋಡುವ ಬದಲು ನಾಲ್ಕೈದು ಜಾಗದಿಂದ ಒಂದೊಂದು ಪ್ಯಾನ್ ತೆಗೆದು ನೋಡಿ, ಎಲ್ಲಿ ಚೂರು ಕಂಡಿತೋ ಅಲ್ಲಿ ಕೂತು ಕೆಲಸ ಮಾಡಿ.

ದಂಡೆಯನ್ನು ಮಾತ್ರ ಕೆದಕಬೇಡಿ. ಗಿಡದ ಬೇರಿನ ಅಡಿ ಅಗೆದರೆ ಮುಂದಿನ ಮಳೆಗೆ ಆ ದಂಡೆ ಕುಸಿಯುತ್ತದೆ. ಒಂದು ತೊರೆಗೆ ನಾನು ಹೋಗುತ್ತಿದ್ದೆ, ಯಾರೋ ದಂಡೆ ಅಗೆದರು ಅನ್ನುವ ಒಂದೇ ಕಾರಣಕ್ಕೆ ಜಮೀನಿನವರು ಎಲ್ಲರಿಗೂ ಬಾಗಿಲು ಮುಚ್ಚಿದರು. ಇವತ್ತಿಗೂ ಬೇಸರವಿದೆ.

ಜಾಲಿಸುವ ಕ್ರಮ

ಮೇಲಿನ ಸಡಿಲ ಕಲ್ಲುಗಳನ್ನು ಕೈಯಿಂದ ಎತ್ತಿ ಪಕ್ಕಕ್ಕಿಡಿ, ಎಸೆಯಬೇಡಿ, ವಾಪಸ್ ಇಡಬೇಕು. ಕೆಳಗಿನ ಬಿಗಿಯಾದ ಗರಸನ್ನು ಸಲಿಕೆಯಿಂದ ನಿಧಾನ ಎತ್ತಿ, ನೀರಿನಲ್ಲಿ ಸಲಿಕೆ ಮೇಲೆ ಬರುವಾಗ ಕೈ ಅಡ್ಡ ಹಿಡಿಯಿರಿ. ಇಲ್ಲದಿದ್ದರೆ ಸಲಿಕೆಯಲ್ಲಿದ್ದದ್ದು ಹರಿವಿಗೆ ತೊಳೆದು ಹೋಗುತ್ತದೆ, ಜಾಸ್ತಿ ಜನ ಚಿನ್ನ ಕಳೆದುಕೊಳ್ಳುವುದು ಇಲ್ಲೇ.

ಜರಡಿಯನ್ನು ಪ್ಯಾನ್ ಮೇಲಿಟ್ಟು ಗರಸು ಸುರಿದು, ಎರಡನ್ನೂ ನೀರಿನಲ್ಲಿ ಮುಳುಗಿಸಿ ಅಲ್ಲಾಡಿಸಿ. ಮೇಲುಳಿದ ಕಲ್ಲುಗಳನ್ನು ಒಮ್ಮೆ ಕಣ್ಣಾಡಿಸಿ ಚೆಲ್ಲಿ. ಈಗ ಪ್ಯಾನ್ ಮುಕ್ಕಾಲು ತುಂಬಿರಬೇಕು, ಅದಕ್ಕಿಂತ ಜಾಸ್ತಿ ಬೇಡ.

ಮಂಡಿ ಆಳದ, ನಿಧಾನ ಹರಿಯುವ ನೀರು ಹುಡುಕಿ ಕೂತುಕೊಳ್ಳಿ. ಪ್ಯಾನನ್ನು ಪೂರ್ತಿ ಮುಳುಗಿಸಿ ಕೈಯಿಂದ ಕಲಸಿ, ರಾಗಿ ಹಿಟ್ಟಿನ ಗಂಟು ಒಡೆಯುವ ಹಾಗೆ ಜೇಡಿಯ ಪ್ರತಿ ಉಂಡೆಯನ್ನೂ ಬೆರಳಲ್ಲಿ ನುರಿಯಿರಿ. ಕರಗದ ಜೇಡಿ ಉಂಡೆ ಚಿನ್ನವನ್ನು ಅಂಟಿಸಿಕೊಂಡು ಉರುಳಿ ಹೊರಗೆ ಹೋಗುತ್ತದೆ. ಬಗ್ಗಡ ನೀರು ತಿಳಿಯಾಗುವವರೆಗೆ ಬಿಡಬೇಡಿ.

ಆಮೇಲೆ ಪ್ಯಾನನ್ನು ಮಟ್ಟವಾಗಿ ಹಿಡಿದು ಎಡಕ್ಕೂ ಬಲಕ್ಕೂ ಜೋರಾಗಿ ಅಲ್ಲಾಡಿಸಿ. ಹೊಸಬರು ಇಲ್ಲಿ ಅವಸರ ಮಾಡುತ್ತಾರೆ, ಮಾಡಬೇಡಿ. ಒಳಗಿರುವುದೆಲ್ಲ ಗಂಜಿಯ ಹಾಗೆ ಸಡಿಲವಾಗಿ ಅಲುಗಬೇಕು, ಆಗಲೇ ಭಾರದ್ದು ಕೆಳಗಿಳಿಯುವುದು. ಮೂವತ್ತು ಎಣಿಸಿ. ಈಗ ಗೆರೆಗಳಿರುವ ಬದಿ ನಿಮ್ಮಿಂದ ಆಚೆಗಿರಲಿ, ಅಲ್ಲಾಡಿಸುತ್ತಲೇ ಆ ಬದಿಯನ್ನು ನಿಧಾನ ಕೆಳಗೆ ಓರೆ ಮಾಡಿ. ಪ್ಯಾನಿನ ಆ ಬದಿಯ ತುಟಿ ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಬೇಕು. ಪ್ಯಾನನ್ನು ಮುಂದಕ್ಕೆ ತಳ್ಳಿ ಮೆಲ್ಲಗೆ ಹಿಂದಕ್ಕೆ ಎಳೆಯಿರಿ, ನೀರು ಒಳಗೆ ಬಂದು ಮೇಲಿನ ತೆಳು ಪದರವನ್ನು ಮಾತ್ರ ಎತ್ತಿಕೊಂಡು ಹೋಗುತ್ತದೆ. ಮೂರು ನಾಲ್ಕು ಸಲ ಹೀಗೆ ಮಾಡಿ ನಿಲ್ಲಿಸಿ, ಪ್ಯಾನನ್ನು ಮತ್ತೆ ಮಟ್ಟ ಮಾಡಿ, ಮತ್ತೆ ಅಲ್ಲಾಡಿಸಿ, ಮತ್ತೆ ಓರೆ. ಅಲ್ಲಾಡಿಸದೆ ಬರೀ ತೊಳೆಯುತ್ತಾ ಹೋದರೆ ಮೇಲಿದ್ದ ಚಿನ್ನವೂ ಮರಳಿನ ಜೊತೆ ಹೋಗುತ್ತದೆ. ಮೇಲೆ ಉಳಿದ ದಪ್ಪ ಕಲ್ಲುಗಳನ್ನು ಹೆಬ್ಬೆರಳಿನಿಂದ ಸವರಿ ತೆಗೆಯಿರಿ.

ಹತ್ತು ನಿಮಿಷದಲ್ಲಿ ಪ್ಯಾನಿನಲ್ಲಿ ಎರಡು ಚಮಚ ಉಳಿದಿರುತ್ತದೆ, ಬಣ್ಣ ಕಪ್ಪಾಗಿರುತ್ತದೆ. ಇದೇ ಕರಿ ಮರಳು, ಕಬ್ಬಿಣದ ಅದಿರಿನ ಭಾರದ ಕಣಗಳು. ಕಿಲ್ಡೋನನ್‌ನಲ್ಲಿ ಇದರ ಜೊತೆ ಕೆಂಪು ಗಾರ್ನೆಟ್ ಪುಡಿಯೂ ಇರುತ್ತದೆ, ಬಿಸಿಲಿಗೆ ತುಂಬಾ ಚೆಂದ ಕಾಣುತ್ತದೆ. ಇಲ್ಲಿಂದ ಮುಂದೆ ಗೆರೆಗಳಿರುವ ಬದಿ ಬೇಡ, ಪ್ಯಾನ್ ತಿರುಗಿಸಿ ನುಣುಪು ಬದಿ ಬಳಸಿ. ಒಂದು ಲೋಟ ನೀರು ಮಾತ್ರ ಉಳಿಸಿಕೊಂಡು, ಮರಳನ್ನು ತಳದ ಒಂದು ಮೂಲೆಗೆ ಕೂಡಿಸಿ, ನೀರು ಅದರ ಮೇಲೆ ಮೆಲ್ಲಗೆ ಸುತ್ತುವ ಹಾಗೆ ತಿರುಗಿಸಿ. ಮರಳು ಬೀಸಣಿಗೆಯ ಹಾಗೆ ಹರಡುತ್ತಾ ಹೋಗುತ್ತದೆ. ಹಿಂದೆ, ಬಾಲದ ತುದಿಯಲ್ಲಿ, ಅಲುಗದೆ ಕೂತಿರುತ್ತದೆ ಹಳದಿ ಚೂರು.

ಅದು ಚಿನ್ನವೇ ಅಲ್ವಾ?

ನಮ್ಮಲ್ಲಿ ಅಭ್ರಕಕ್ಕೆ ಕಾಗೆ ಬಂಗಾರ ಅನ್ನುತ್ತಾರಲ್ಲ, ಅದು ಇಲ್ಲಿನ ಹೊಳೆಗಳಲ್ಲಿ ಎಲ್ಲೆಡೆ ಇದೆ. ಪ್ಯಾನನ್ನು ತಿರುಗಿಸಿದರೆ ಕಾಗೆ ಬಂಗಾರ ಮಿನುಗಿ ಆರಿ ಮಿನುಗುತ್ತದೆ, ನೀರಲ್ಲಿ ತೇಲಾಡುತ್ತದೆ. ಚಿನ್ನ ನೆರಳಲ್ಲಿಟ್ಟರೂ ಅದೇ ಹಳದಿ. ಪೈರೈಟ್ ಅನ್ನುವ ಇನ್ನೊಂದು ಹಳದಿ ಕಲ್ಲಿದೆ, ಸೂಜಿಯಿಂದ ಒತ್ತಿದರೆ ಪುಡಿಯಾಗುತ್ತದೆ. ಚಿನ್ನ ತಗ್ಗು ಬೀಳುತ್ತದೆ, ಒಡೆಯುವುದಿಲ್ಲ. ನಿಮ್ಮ ನೆರಳು ಬೀಳುವ ಹಾಗೆ ಪ್ಯಾನ್ ಹಿಡಿದು ನೋಡಿ, ಆಗಲೂ ಹೊಳೆಯುತ್ತಿದ್ದರೆ ಸ್ನಫರ್ ಬಾಟಲಿ ತೆಗೆಯಿರಿ.

ಚೂರು ಸಿಕ್ಕಿದ ತಕ್ಷಣ ಹೀರಿಕೊಳ್ಳಿ. ತೋರಿಸೋಣ ಅಂತ ಪ್ಯಾನ್ ಹಿಡಿದುಕೊಂಡು ಕಲ್ಲುಗಳ ಮೇಲೆ ನಡೆದು ಹೋಗಬೇಡಿ. ಕೈಯಲ್ಲಿ ಕ್ರೀಮ್, ಎಣ್ಣೆ ಇದ್ದರೆ ಪುಡಿಯಂಥ ಚಿನ್ನ ನೀರಿನ ಮೇಲೆ ತೇಲಿ ಹೋಗುತ್ತದೆ, ಇದು ನಂಬಲು ಕಷ್ಟ ಆದರೆ ನಿಜ. ಹೊಸ ಪ್ಯಾನ್ ಕೂಡ ಜಿಡ್ಡಾಗಿರುತ್ತದೆ, ಮನೆಯಲ್ಲೇ ಸೋಪು ಹಾಕಿ ಉಜ್ಜಿ ತೊಳೆದು ತನ್ನಿ. ಹೊಳೆಯಲ್ಲಿ ಸೋಪು ಬೇಡವೇ ಬೇಡ.

ಜೀವದ ಜಾಗ್ರತೆ

ಈ ಬೆಟ್ಟದ ತೊರೆಗಳಲ್ಲಿ ನೀರು ಏರುವುದಕ್ಕೆ ನೀವು ಕೂತ ಜಾಗದಲ್ಲಿ ಮಳೆ ಬರಬೇಕಾಗಿಲ್ಲ. ಮೇಲೆ ಬೆಟ್ಟದಲ್ಲಿ ಸುರಿದರೆ ಸಾಕು. ತಿಳಿನೀರು ಇದ್ದಕ್ಕಿದ್ದ ಹಾಗೆ ಚಹಾ ಬಣ್ಣಕ್ಕೆ ತಿರುಗಿತು, ಎಲೆ ಕಡ್ಡಿ ತೇಲಿ ಬಂತು ಅಂದರೆ ಸಾಮಾನು ಹುಡುಕುತ್ತಾ ನಿಲ್ಲಬೇಡಿ, ಮೇಲೆ ಹತ್ತಿ. ನಾನು ಒಮ್ಮೆ ಬಕೆಟ್ ಎತ್ತಿಕೊಳ್ಳಲು ನಿಂತು, ಮಂಡಿಯಿದ್ದ ನೀರು ತೊಡೆಗೆ ಬಂದು, ಬಕೆಟ್ಟನ್ನೂ ಬಿಟ್ಟು ಬಂದೆ. ಒಬ್ಬರೇ ಹೋಗಬೇಡಿ, ಎಲ್ಲಿಗೆ ಹೋಗುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ, ಮೊಬೈಲ್ ಸಿಗ್ನಲ್ ನಂಬಬೇಡಿ.

ಗಾಯ ಇದ್ದರೆ ನೀರು ತಾಗದ ಪಟ್ಟಿ ಹಾಕಿ, ಇಲಿ ಮೂತ್ರದಿಂದ ಬರುವ ಜ್ವರ ಇಲ್ಲೂ ಇದೆ. ವಾನ್‌ಲಾಕ್‌ಹೆಡ್ ಕಡೆ ಹಳೆಯ ಸೀಸದ ಗಣಿಗಳ ಮಣ್ಣು ತೊರೆಗೆ ಸೇರಿದೆ, ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ. ಹಳೆಯ ಗಣಿ ಬಾಯಿಯ ಒಳಗೆ ಕಾಲಿಡಬೇಡಿ.

ಹೊರಡುವ ಮುನ್ನ, ಮನೆಗೆ ಬಂದ ಮೇಲೆ

ಅಗೆದ ತಗ್ಗನ್ನು ಗರಸಿನಿಂದ ಮುಚ್ಚಿ, ಎತ್ತಿಟ್ಟ ಕಲ್ಲುಗಳನ್ನು ಪಾಚಿ ಇರುವ ಮುಖ ಮೇಲಾಗಿ ವಾಪಸ್ ಇಡಿ. ಸಿಕ್ಕ ಸೀಸ, ಮೊಳೆ, ಗಾಜನ್ನು ಹೊಳೆಗೆ ವಾಪಸ್ ಹಾಕದೆ ಚೀಲಕ್ಕೆ ಹಾಕಿಕೊಂಡು ಬನ್ನಿ. ಬೂಟು, ಪ್ಯಾನ್, ಜರಡಿ ಎಲ್ಲವನ್ನೂ ನೋಡಿ, ತೊಳೆದು, ಪೂರ್ತಿ ಒಣಗಿಸಿ. ಒಂದು ಹೊಳೆಯ ರೋಗ, ಹುಳು, ಕಳೆ ಇನ್ನೊಂದಕ್ಕೆ ಹೋಗುವುದು ನಮ್ಮ ಒದ್ದೆ ಬೂಟಿನಲ್ಲೇ. ನಾರ್ವೆಯ ಎಷ್ಟೋ ಹೊಳೆಗಳಲ್ಲಿ ಸಾಲ್ಮನ್ ಮೀನನ್ನು ಮುಗಿಸಿದ ಒಂದು ಪರಾವಲಂಬಿ ಹುಳು ಬ್ರಿಟನ್ನಿಗೆ ಇನ್ನೂ ಬಂದಿಲ್ಲ, ಬೇರೆ ದೇಶದಲ್ಲಿ ಜಾಲಿಸಿ ಬಂದವರು ಇದನ್ನು ಎರಡು ಪಟ್ಟು ಗಮನಿಸಬೇಕು.

ಉಳಿದ ಕರಿ ಮರಳನ್ನು ಅಲ್ಲೇ ಕೊನೆಯವರೆಗೆ ಜಾಲಿಸುತ್ತಾ ಕೂರಬೇಡಿ, ಬಕೆಟ್ಟಿನಲ್ಲಿ ತೆಗೆದುಕೊಂಡು ಹೋಗಲು ಅನುಮತಿ ಇದ್ದರೆ ಮನೆಗೆ ತನ್ನಿ. ಬೆಚ್ಚಗಿನ ನೀರು, ಒಳ್ಳೆಯ ಬೆಳಕು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಇದ್ದರೆ ಪುಡಿ ಚಿನ್ನ ಸುಲಭವಾಗಿ ಸಿಗುತ್ತದೆ. ಪೂರ್ತಿ ಒಣಗಿಸಿ, ಕಾಗದದ ಮೇಲೆ ಹರಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ಮೇಲೆ ಆಡಿಸಿದರೆ ಕರಿ ಮರಳಿನ ದೊಡ್ಡ ಪಾಲು ಎದ್ದು ಬರುತ್ತದೆ. ಉಳಿದದ್ದನ್ನು ಮೆಲ್ಲಗೆ ಊದಿ. ಪಾದರಸ ಬಳಸಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ, ಅದು ವಿಷ.

ಒದ್ದೆ ಮಾಡಿದ ಬೆಂಕಿಕಡ್ಡಿ ತುದಿಯಿಂದ ಚೂರುಗಳನ್ನು ಒಂದೊಂದಾಗಿ ಎತ್ತಿ ಶೀಷೆಗೆ ಹಾಕಿ, ನೀರು ತುಂಬಿ ಮುಚ್ಚಿ. ಶೀಷೆಯ ಮೇಲೆ ಹೊಳೆಯ ಹೆಸರು, ದಿನಾಂಕ, ಜೊತೆಗಿದ್ದವರ ಹೆಸರು ಬರೆದಿಡಿ. ಬೇರೆ ಬೇರೆ ಹೊಳೆಯದ್ದನ್ನು ಒಂದೇ ಶೀಷೆಗೆ ಬೆರೆಸಬೇಡಿ. ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದೊಂದು ತೊರೆಯ ಚಿನ್ನದ ಬಣ್ಣ, ಆಕಾರ ಎರಡೂ ಬೇರೆಯಾಗಿರುತ್ತದೆ.